ಪಾತ್ರೆ ತೊಳೆಯುವ ಯಂತ್ರದ ಜೋಸೆಫೀನ್ ಕಾಕ್ರೇನ್

ಅಮೆರಿಕದ ಒಹಾಯೋ ರಾಜ್ಯದಲ್ಲಿ 1839ರಲ್ಲಿ ಜನಿಸಿದ ಜೋಸೆಫೀನ್ ಕಾಕ್ರೇನ್ ಅನುಕೂಲಸ್ಥ ಗೃಹಿಣಿ. ಕೆಲಸದವರು ತೊಳೆಯುವಾಗ ಆಕೆಯ ಪಿಂಗಾಣಿ ತಟ್ಟೆಗಳ ಅಂಚು ಮುಕ್ಕಾಗುತ್ತಿತ್ತು. ಇದಕ್ಕೊಂದು ಯಂತ್ರ ಬೇಕೆಂದುಕೊಂಡರು. 1883ರಲ್ಲಿ ಪತಿ ತೀರಿಕೊಂಡರು, ಉಳಿದದ್ದು ಸಾಲ. ಆಕೆ ಎದೆಗುಂದಲಿಲ್ಲ. ಪಾತ್ರೆಗಳ ಅಳತೆಗೆ ತಕ್ಕ ತಂತಿಯ ಗೂಡುಗಳನ್ನು ಮಾಡಿ, ಅವುಗಳ ಮೇಲೆ ಬಿಸಿ ಸಾಬೂನು ನೀರು ರಭಸದಿಂದ ಚಿಮ್ಮುವಂತೆ ಯಂತ್ರ ರಚಿಸಿದರು. 1886ರಲ್ಲಿ ಪೇಟೆಂಟ್ ದೊರೆಯಿತು. ಅಂದಿನ ಮನೆಗಳಲ್ಲಿ ಅಷ್ಟು ಬಿಸಿನೀರು ಸಿಗದ್ದರಿಂದ ಹೋಟೆಲುಗಳಿಗೆ ಮಾರಿದರು. 1893ರ ಷಿಕಾಗೋ ಪ್ರದರ್ಶನದಲ್ಲಿ ಯಂತ್ರಕ್ಕೆ ಬಹುಮಾನ ಬಂತು. 1913ರಲ್ಲಿ ಆಕೆ ನಿಧನರಾದರು.

ಇಂದಿಗೂ ಈ ಯಂತ್ರದಲ್ಲಿ ಪಾತ್ರೆ ಶುಚಿಯಾಗದಿದ್ದರೆ ನಾವು ಮೊದಲು ನೋಡಬೇಕಾದದ್ದು ಇಷ್ಟೇ: ಪಾತ್ರೆ ಗೂಡಿನಲ್ಲಿ ಸರಿಯಾಗಿ ಕುಳಿತಿದೆಯೇ? ನೀರು ಬಿಸಿಯಿದೆಯೇ? ಚಿಮ್ಮುವ ರಂಧ್ರಗಳು ಕಟ್ಟಿಕೊಂಡಿವೆಯೇ? ತೊಂದರೆ ಬಂದಾಗ ಗೊಣಗದೆ ಕಾರಣ ಹುಡುಕುವ ಆಕೆಯ ಗುಣವನ್ನು ನಾವೂ ಕಲಿಯೋಣ.