ಲಾಗ್ ಟೇಬಲ್ ಬರೆದವನ ಇನ್ನೊಂದು ಟೇಬಲ್

ಎಕ್ಸಾಮ್ ಹಾಲ್‌ನಲ್ಲಿ ಕ್ಯಾಲ್ಕುಲೇಟರ್‌ನ ಲಾಗ್ ಬಟನ್ ಒತ್ತುವಾಗ ಅದರ ಹಿಂದೆ ಯಾರಿದ್ದಾರೆ ಅಂತ ನಾವ್ಯಾರೂ ಯೋಚಿಸಲ್ಲ. ನಾನೂ ಯೋಚಿಸಿರಲಿಲ್ಲ. ಜಾನ್ ನೇಪಿಯರ್ ಅನ್ನೋ ಹೆಸರು ಎಲ್ಲೋ ಓದಿದ ನೆನಪು, ಅಷ್ಟೇ. ಆಮೇಲೆ ಗೊತ್ತಾಯ್ತು, ಆ ಮನುಷ್ಯ ಮೊದಲು ಹೆಸರು ಮಾಡಿದ್ದು ಲಾಗರಿದಮ್‌ನಿಂದ ಅಲ್ಲವೇ ಅಲ್ಲ. ಬೈಬಲ್‌ನಲ್ಲಿ ಬರುವ ಸಂಖ್ಯೆಗಳನ್ನು ಕೂಡಿ ಕಳೆದು, ಪ್ರಪಂಚ ಯಾವಾಗ ಮುಗಿಯುತ್ತೆ ಅಂತ ಲೆಕ್ಕ ಕೊಟ್ಟ ಒಂದು ಪುಸ್ತಕದಿಂದ. ಲಾಗರಿದಮ್ ಬಂದದ್ದು ಅದಾದ ಇಪ್ಪತ್ತು ವರ್ಷಕ್ಕೆ.

ನೇಪಿಯರ್ ಹುಟ್ಟಿದ್ದು 1550ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ಹತ್ತಿರದ ಮರ್ಚಿಸ್ಟನ್ ಎಂಬ ಕೋಟೆಮನೆಯಲ್ಲಿ. ಆಗ ಅವನ ಅಪ್ಪನಿಗೆ ಹದಿನಾರು ವರ್ಷ. ನಮಗಿಂತ ಚಿಕ್ಕವನು! ಜಮೀನು, ಹಣ, ಅಧಿಕಾರ ಎಲ್ಲ ಇದ್ದ ಮನೆ. 1560ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಪೋಪ್‌ನ ಅಧಿಕಾರವನ್ನು ತಳ್ಳಿಹಾಕಿ ದೇಶವನ್ನು ಪ್ರೊಟೆಸ್ಟೆಂಟ್ ಮಾಡಿತು. ಹತ್ತು ವರ್ಷದ ಹುಡುಗನ ಕಣ್ಣ ಮುಂದೆಯೇ ದೇಶದ ಧರ್ಮ ಬದಲಾಯಿತು ಅಂದ್ರೆ ಅವನ ತಲೆಯಲ್ಲಿ ಏನೇನು ಓಡಿರಬಹುದು ಅಂತ ನಾವು ಊಹಿಸಿಕೊಳ್ಳಬೇಕು.

1563ರಲ್ಲಿ, ಹದಿಮೂರನೇ ವಯಸ್ಸಿಗೆ, ಅವನನ್ನು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯಕ್ಕೆ ಸೇರಿಸಿದರು. ಅದೇ ವರ್ಷ ತಾಯಿ ತೀರಿಕೊಂಡರು. ಅವನು ಅಲ್ಲಿ ಡಿಗ್ರಿ ಮುಗಿಸಲೇ ಇಲ್ಲ (ಬ್ಯಾಕ್‌ಲಾಗ್ ಇರೋರು ಸಮಾಧಾನ ಮಾಡ್ಕೊಳ್ಳಿ). ಆದರೆ ಅಲ್ಲಿ ಅವನಿಗೆ ಒಂದು ಹುಚ್ಚು ಹತ್ತಿತು. ಕ್ರಿಸ್ಟೋಫರ್ ಗುಡ್‌ಮನ್ ಅನ್ನೋ ಬೋಧಕ ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆಯ ಮೇಲೆ ಉಪದೇಶ ಕೊಡುತ್ತಿದ್ದ. ಅದನ್ನು ಕೇಳಿಯೇ ಈ ಪುಸ್ತಕದ ರಹಸ್ಯವನ್ನು ಬಿಡಿಸಬೇಕು ಅಂತ ತೀರ್ಮಾನಿಸಿದ್ದಾಗಿ ನೇಪಿಯರ್ ಮುಂದೆ ತಾನೇ ಬರೆದುಕೊಂಡಿದ್ದಾನೆ.

ಪ್ರಕಟನೆ ಪುಸ್ತಕವನ್ನು ಓದಿದವರಿಗೆ ಗೊತ್ತಿರುತ್ತೆ, ಅದರ ತುಂಬಾ ಸಂಖ್ಯೆಗಳೇ. ಏಳು ಸಭೆಗಳು, ಏಳು ಮುದ್ರೆಗಳು, ಏಳು ತುತ್ತೂರಿಗಳು, ದೇವರ ಕೋಪ ತುಂಬಿದ ಏಳು ಪಾತ್ರೆಗಳು. ಏಳು ಅಂದರೆ ಪೂರ್ಣತೆ: ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ವಿಶ್ರಮಿಸಿದ ಅಂತ ಬೈಬಲ್ ಶುರುವಾಗುವುದೇ ಹಾಗೆ. ಯೆಹೂದ್ಯರಿಗೆ ಮಾತ್ರ ಅಲ್ಲ, ಆಕಾಶದಲ್ಲಿ ಅಲೆಯುವ ಏಳು ಜ್ಯೋತಿಗಳನ್ನು ಪೂಜಿಸುತ್ತಿದ್ದ ಬ್ಯಾಬಿಲೋನಿನವರಿಗೂ ಏಳು ದೊಡ್ಡ ಸಂಖ್ಯೆಯೇ. ಹನ್ನೆರಡು ಅಂದರೆ ಇಸ್ರಾಯೇಲಿನ ಕುಲಗಳು. ಪ್ರತಿ ಕುಲದಿಂದ ಹನ್ನೆರಡು ಸಾವಿರ ಜನ ಅಂದರೆ 1,44,000. ನಲವತ್ತೆರಡು ತಿಂಗಳು, 1260 ದಿನ ಅಂತಲೂ ಬರುತ್ತೆ. ತಿಂಗಳಿಗೆ 30 ದಿನ ಅಂತ ಹಿಡಿದು ಗುಣಿಸಿ ನೋಡಿ, ಎರಡೂ ಒಂದೇ. ಕೊನೆಗೆ ಎಲ್ಲರಿಗೂ ಗೊತ್ತಿರೋ 666, ಮೃಗದ ಸಂಖ್ಯೆ. ಅದು ಒಬ್ಬ ಮನುಷ್ಯನ ಸಂಖ್ಯೆ, ಬುದ್ಧಿ ಇದ್ದವನು ಲೆಕ್ಕ ಹಾಕಲಿ ಅಂತ ಆ ಪುಸ್ತಕವೇ ಸವಾಲು ಹಾಕುತ್ತೆ.

ಹೆಸರನ್ನು ಸಂಖ್ಯೆ ಮಾಡೋದು ಹೇಗೆ? ಹಳೆಯ ಗ್ರೀಕ್, ಹೀಬ್ರೂ ಭಾಷೆಗಳಲ್ಲಿ ಅಂಕಿಗಳಿಗೆ ಬೇರೆ ಚಿಹ್ನೆ ಇರಲಿಲ್ಲ, ಅಕ್ಷರಗಳೇ ಅಂಕಿಗಳು. ಹಾಗಾಗಿ ಯಾವ ಹೆಸರನ್ನು ಬೇಕಾದರೂ ಕೂಡಿಸಬಹುದು. ನಮಗೆ ಇದು ತೀರಾ ಹೊಸದಲ್ಲ. ಸಂಗೀತ ಕಲಿತವರಿಗೆ ಕಟಪಯಾದಿ ಗೊತ್ತು. ಸರಳೆ ವರಸೆ ಹೇಳಿಕೊಡುವ ಮಾಯಾಮಾಳವಗೌಳದಲ್ಲಿ ಮಾ ಅಂದರೆ 5, ಯಾ ಅಂದರೆ 1, ತಿರುಗಿಸಿದರೆ 15. ಅದು 15ನೇ ಮೇಳಕರ್ತ. ನಮ್ಮವರು ಇದನ್ನು ಮೇಳದ ನಂಬರ್ ನೆನಪಿಟ್ಟುಕೊಳ್ಳೋಕೆ ಬಳಸಿದರು. ಯುರೋಪಿನಲ್ಲಿ ಅದೇ ಥರದ ಆಟವನ್ನು ವೈರಿಯ ಮೇಲೆ ಆಡಿದರು.

ನೇಪಿಯರ್‌ಗಿಂತ ಮೊದಲೇ ಜರ್ಮನಿಯಲ್ಲಿ ಮೈಕೆಲ್ ಸ್ಟೀಫೆಲ್ ಅಂತ ಒಬ್ಬನಿದ್ದ. ಸನ್ಯಾಸಿಯಾಗಿದ್ದವನು ಮಾರ್ಟಿನ್ ಲೂಥರ್ ಕಡೆ ಸೇರಿ ಪಾದ್ರಿಯಾದ. ಅವನು ಹತ್ತನೇ ಲಿಯೋ ಪೋಪ್‌ನ ಲ್ಯಾಟಿನ್ ಹೆಸರು ತೆಗೆದುಕೊಂಡು ಅದರಲ್ಲಿರುವ ರೋಮನ್ ಅಂಕಿಗಳನ್ನಷ್ಟೇ ಕೂಡಿಸಿದ. 1656 ಬಂತು. ಬೇಕಾಗಿದ್ದು 666. ಏನು ಮಾಡೋದು? ಎಮ್ ಅಂದರೆ ರಹಸ್ಯ ಅನ್ನೋ ಪದದ ಮೊದಲಕ್ಷರ, ಹಾಗಾಗಿ ಅದರ 1000 ಬಿಟ್ಟುಬಿಡೋಣ ಅಂದ. 656 ಆಯ್ತು. ಹತ್ತನೇ ಲಿಯೋ ತಾನೇ, ಒಂದು 10 ಸೇರಿಸೋಣ ಅಂದ. 666! ಲ್ಯಾಬ್ ರೀಡಿಂಗ್ ಸರಿಯಾಗಿ ಬರದಿದ್ದಾಗ ನಾವು ಮಾಡೋ ಕೆಲಸವನ್ನೇ ಅವನೂ ಮಾಡಿದ್ದು. ಆಮೇಲೆ 1533ರ ಅಕ್ಟೋಬರ್ 19ರ ಬೆಳಗ್ಗೆ 8 ಗಂಟೆಗೆ ಪ್ರಪಂಚ ಮುಗಿಯುತ್ತೆ ಅಂತ ಹೇಳಿದ. ಊರಿನ ಜನ ನಂಬಿದರು. ಎಂಟು ಗಂಟೆ ಆಯ್ತು, ಏನೂ ಆಗಲಿಲ್ಲ, ಅವನನ್ನು ಹಿಡಿದು ಒಳಗೆ ಹಾಕಿದರು. ಇದೇ ಸ್ಟೀಫೆಲ್ 1544ರಲ್ಲಿ ಬರೆದ ಗಣಿತದ ಪುಸ್ತಕದಲ್ಲಿ 0, 1, 2, 3 ಅನ್ನೋ ಸಾಲನ್ನು 1, 2, 4, 8 ಅನ್ನೋ ಸಾಲಿನ ಮೇಲೆ ಬರೆದು, ಕೆಳಗಿನ ಸಾಲಿನ ಗುಣಾಕಾರ ಮೇಲಿನ ಸಾಲಿನಲ್ಲಿ ಕೂಡುವುದಾಗುತ್ತೆ ಅಂತ ತೋರಿಸಿದ. ಎಕ್ಸ್‌ಪೋನೆಂಟ್ ಅನ್ನೋ ಪದವನ್ನು ಗಣಿತಕ್ಕೆ ತಂದವನೂ ಅವನೇ. ಲಾಗರಿದಮ್‌ನ ಬೀಜ ಅಲ್ಲೇ ಇದೆ. ಈ ಜೋಡಿಯನ್ನು ನೆನಪಿಡಿ, ಒಂದೇ ತಲೆಯಲ್ಲಿ ಎರಡೂ ಇದ್ದವು.

ಈಗ ವಾಪಸ್ ನೇಪಿಯರ್ ಹತ್ತಿರ ಬರೋಣ. ಅವನು 1571ರ ಹೊತ್ತಿಗೆ ಮನೆಯಲ್ಲಿದ್ದ, ಮುಂದಿನ ವರ್ಷಗಳಲ್ಲಿ ಮದುವೆಯಾಗಿ ಗಾರ್ಟ್‌ನೆಸ್ ಎಂಬಲ್ಲಿ ಮನೆ ಕಟ್ಟಿಸಿಕೊಂಡ. ಮೊದಲ ಹೆಂಡತಿ ಎಲಿಜಬೆತ್ 1579ರಲ್ಲಿ ತೀರಿಹೋದಳು. ಎರಡನೆಯವಳು ಆಗ್ನೆಸ್ ಚಿಸಮ್. ಒಟ್ಟು ಹನ್ನೆರಡು ಮಕ್ಕಳು. ಜಮೀನು ನೋಡಿಕೊಳ್ಳೋದು, ಬಾಕಿ ಹೊತ್ತು ಲೆಕ್ಕ. ಪಕ್ಕದ ಹಿಟ್ಟಿನ ಗಿರಣಿಯ ಸದ್ದಿಗೆ ಯೋಚನೆ ಕೆಡುತ್ತೆ ಅಂತ ಗಿರಣಿ ನಿಲ್ಲಿಸಲು ಹೇಳಿಕಳಿಸುತ್ತಿದ್ದನಂತೆ. ಊರಿನವರು ಅವನನ್ನು ಮಾಟಗಾರ ಅಂತ ತಿಳಿದಿದ್ದರು. ಅವನ ಕಪ್ಪು ಹುಂಜದ ಕಥೆ ಇವತ್ತಿಗೂ ಹೇಳ್ತಾರೆ: ಮನೆಯಲ್ಲಿ ಕಳ್ಳತನ ಆದಾಗ ಆಳುಗಳನ್ನು ಒಬ್ಬೊಬ್ಬರಾಗಿ ಕತ್ತಲ ಕೋಣೆಗೆ ಕಳಿಸಿ ಹುಂಜವನ್ನು ಸವರಿ ಬರಲು ಹೇಳಿದ. ಕಳ್ಳ ಮುಟ್ಟಿದರೆ ಅದು ಕೂಗುತ್ತೆ ಅಂತ ಹೆದರಿಸಿದ. ಹುಂಜಕ್ಕೆ ಮಸಿ ಬಳಿದಿದ್ದ. ಕೈ ಶುಭ್ರವಾಗಿ ಹೊರಗೆ ಬಂದವನೇ ಕಳ್ಳ. ನಡೆದಿದ್ದೋ ಕಟ್ಟುಕಥೆಯೋ, ಕೇಳೋಕಂತೂ ಚೆನ್ನಾಗಿದೆ.

1588ರಲ್ಲಿ ಸ್ಪೇನಿನ ದೊಡ್ಡ ಹಡಗುಪಡೆ ಇಂಗ್ಲೆಂಡಿನ ಮೇಲೆ ಬಂತು. ಸೋತು ಹೋಯ್ತು, ಆದರೆ ಭಯ ಹೋಗಲಿಲ್ಲ. ಸ್ಕಾಟ್ಲೆಂಡಿನ ಕೆಲವು ಕ್ಯಾಥೊಲಿಕ್ ಸರದಾರರು ಸ್ಪೇನಿನ ಜೊತೆ ಸೇರಿ ಸಂಚು ಮಾಡಿದ್ದು 1592ರ ಕೊನೆಗೆ ಬಯಲಾಯಿತು. ಆ ಸಂಚಿನಲ್ಲಿ ಹೆಸರಿದ್ದವರಲ್ಲಿ ಒಬ್ಬ ಸರ್ ಜೇಮ್ಸ್ ಚಿಸಮ್, ನೇಪಿಯರ್‌ನ ಸ್ವಂತ ಮಾವ. ತಪ್ಪಿತಸ್ಥರನ್ನು ಶಿಕ್ಷಿಸಿ ಅಂತ ರಾಜ ಆರನೇ ಜೇಮ್ಸ್‌ನ ಬಳಿಗೆ ಚರ್ಚಿನವರು ಕಳಿಸಿದ ನಿಯೋಗದಲ್ಲಿ ನೇಪಿಯರ್ ಇದ್ದ. ಅಂದರೆ ಹೆಂಡತಿಯ ಅಪ್ಪನಿಗೆ ಶಿಕ್ಷೆ ಕೊಡಿ ಅಂತ ಕೇಳೋಕೆ ಹೋದವರಲ್ಲಿ ಅಳಿಯನೂ ಒಬ್ಬ. ಆ ರಾತ್ರಿ ಮನೆಗೆ ಹೋಗಿ ಆಗ್ನೆಸ್ ಮುಂದೆ ಊಟಕ್ಕೆ ಹೇಗೆ ಕೂತನೋ! ಅವನಿಗೆ ಇದು ರಾಜಕೀಯ ಆಗಿರಲಿಲ್ಲ. ಲೆಕ್ಕ ಹಾಕಿ ನೋಡಿದ್ದ, ಉತ್ತರ ಬಂದಿತ್ತು.

ಆ ಉತ್ತರವೇ 1593ರ ಪುಸ್ತಕ. ಯೋಹಾನನ ಪ್ರಕಟನೆಯ ಸಂಪೂರ್ಣ ಅರ್ಥವನ್ನು ಸರಳವಾಗಿ ತೋರಿಸುತ್ತೇನೆ ಅನ್ನೋ ಥರದ ಹೆಸರು. ಮೊದಲು ಲ್ಯಾಟಿನ್‌ನಲ್ಲಿ ಬರೀತಿದ್ದವನು ಪರಿಸ್ಥಿತಿ ನೋಡಿ, ಜನಸಾಮಾನ್ಯರಿಗೂ ಬೇಗ ತಲುಪಲಿ ಅಂತ ಇಂಗ್ಲಿಷಿಗೆ ಬದಲಾಯಿಸಿದ. ನನಗೆ ಆಶ್ಚರ್ಯ ಆಗಿದ್ದು ಅದನ್ನು ಬರೆದ ರೀತಿ. ಉಪದೇಶದ ಹಾಗಿಲ್ಲ, ಯೂಕ್ಲಿಡ್‌ನ ಜ್ಯಾಮಿತಿಯ ಹಾಗಿದೆ. 36 ಪ್ರಮೇಯಗಳು, ಒಂದೊಂದಕ್ಕೂ ಸಾಧನೆ, ಹಿಂದಿನದನ್ನು ಆಧರಿಸಿ ಮುಂದಿನದು. ಭವಿಷ್ಯವಾಣಿಯಲ್ಲಿ ಒಂದು ದಿನ ಅಂದರೆ ಒಂದು ವರ್ಷ ಅನ್ನೋದರಿಂದ ಶುರು. ಏಳು ತುತ್ತೂರಿಗಳೂ ಏಳು ಪಾತ್ರೆಗಳೂ ಒಂದೇ ಕಾಲವನ್ನು ಹೇಳುತ್ತವೆ, ಒಂದೊಂದರ ಅವಧಿ 245 ವರ್ಷ. 245 ಅಂದರೆ ಐದು ಸಲ 49, ಅಂದರೆ ಏಳೇಳಲ ಐದು ಸಲ. ಮೊದಲ ತುತ್ತೂರಿ ಕ್ರಿ.ಶ. 71. ಆಮೇಲೆ 316, 561, 806, 1051, 1296, 1541. ಕೊನೆಯದರೊಳಗೆ 49 ವರ್ಷದ ಹೆಜ್ಜೆಗಳು: 1590, 1639, 1688. ಇನ್ನೊಂದು ಕಡೆಯಿಂದ ದಾನಿಯೇಲನ ಪುಸ್ತಕದ 1335 ದಿನಗಳನ್ನು ವರ್ಷ ಮಾಡಿ ಕ್ರಿ.ಶ. 365ರಿಂದ ಎಣಿಸಿದ. 1700 ಬಂತು. ಹಾಗಾಗಿ ಕೊನೆಯ ತೀರ್ಪಿನ ದಿನ 1688ಕ್ಕೂ 1700ಕ್ಕೂ ಮಧ್ಯೆ. 666ಕ್ಕೆ ಲಟೈನೋಸ್ ಅನ್ನೋ ಗ್ರೀಕ್ ಪದ, ಅಂದರೆ ಲ್ಯಾಟಿನ್‌ನವನು: 30, 1, 300, 5, 10, 50, 70, 200. ಕೂಡಿಸಿ ನೋಡಿ, ಸ್ಟೀಫೆಲ್ ಥರ ಏನನ್ನೂ ಬಿಡಬೇಕಾಗಿಲ್ಲ. ಪೋಪ್‌ನೇ ಕ್ರಿಸ್ತವಿರೋಧಿ ಅನ್ನೋದು ಅವನ ಪ್ರಕಾರ ಸಾಧಿತವಾದ ಒಂದು ಪ್ರಮೇಯ.

ಪುಸ್ತಕದ ಎರಡನೇ ಭಾಗದಲ್ಲಿ ಕಾಲಮ್‌ಗಳಿವೆ. ಒಂದರಲ್ಲಿ ಬೈಬಲ್‌ನ ಮಾತು, ಪಕ್ಕದಲ್ಲಿ ಅದರ ಅರ್ಥ, ಅದರ ಪಕ್ಕದಲ್ಲಿ ಇತಿಹಾಸದಲ್ಲಿ ಅದು ಯಾವಾಗ ನಡೆಯಿತು ಅನ್ನೋದು. ಪುಸ್ತಕವನ್ನು ರಾಜನಿಗೇ ಅರ್ಪಿಸಿ, ಮೊದಲು ನಿಮ್ಮ ಅರಮನೆಯನ್ನು ಶುದ್ಧ ಮಾಡಿಕೊಳ್ಳಿ ಅಂತ ಬುದ್ಧಿಯನ್ನೂ ಹೇಳಿದ. ಧೈರ್ಯ ಬೇಕು. ಡಚ್, ಫ್ರೆಂಚ್, ಜರ್ಮನ್ ಭಾಷೆಗಳಿಗೆ ಅನುವಾದ ಆಯಿತು. ಯುರೋಪಿಗೆ ನೇಪಿಯರ್ ಮೊದಲು ಪರಿಚಯ ಆಗಿದ್ದು ಹೀಗೆ. ತಮಾಷೆ ಏನಂದ್ರೆ, ಪ್ರಪಂಚಕ್ಕೆ ಇನ್ನು ನೂರೇ ವರ್ಷ ಅಂತ ಬರೆದ ಮನುಷ್ಯ 1594ರ ಜುಲೈನಲ್ಲಿ ಒಂದು ಹಳೇ ಕೋಟೆಯಲ್ಲಿ ಹೂತಿಟ್ಟ ನಿಧಿ ಹುಡುಕಿಕೊಡ್ತೀನಿ, ಸಿಕ್ಕರೆ ಮೂರನೇ ಒಂದು ಭಾಗ ನನಗೆ ಅಂತ ಕರಾರು ಪತ್ರಕ್ಕೂ ಸಹಿ ಹಾಕಿದ್ದಾನೆ.

ಲಾಗರಿದಮ್ ಕೆಲಸವೂ ಸುಮಾರು ಇದೇ ವರ್ಷಗಳಲ್ಲಿ ಶುರುವಾಯಿತು. ಆಗಿನ ಖಗೋಳ ಶಾಸ್ತ್ರದವರಿಗೆ, ನಾವಿಕರಿಗೆ ಏಳೆಂಟು ಅಂಕಿಯ ಸೈನ್ ಬೆಲೆಗಳನ್ನು ಕೈಯಲ್ಲಿ ಗುಣಿಸೋದೇ ಜೀವನ. ನೇಪಿಯರ್ ಎರಡು ಬಿಂದುಗಳನ್ನು ಕಲ್ಪಿಸಿಕೊಂಡ. ಒಂದು ಒಂದೇ ವೇಗದಲ್ಲಿ ಹೋಗುತ್ತೆ, ಇನ್ನೊಂದರ ವೇಗ ಇನ್ನೂ ಉಳಿದ ದೂರಕ್ಕೆ ತಕ್ಕಂತೆ ಕಡಿಮೆ ಆಗ್ತಾ ಹೋಗುತ್ತೆ. ನಾವು ಇದನ್ನು ಡಿಫರೆನ್ಷಿಯಲ್ ಈಕ್ವೇಶನ್ ಅಂತ ಎರಡು ನಿಮಿಷದಲ್ಲಿ ಬರೀತೀವಿ. ಅವನ ಕಾಲಕ್ಕೆ ಕ್ಯಾಲ್ಕುಲಸ್ ಇರಲಿಲ್ಲ. ಇಪ್ಪತ್ತು ವರ್ಷ ಒಬ್ಬನೇ ಕೂತು ಗುಣಿಸಿ, ಕಳೆದು 1614ರಲ್ಲಿ ಪುಸ್ತಕ ತಂದ: 57 ಪುಟ ವಿವರಣೆ, 90 ಪುಟ ಟೇಬಲ್. ಇಲ್ಲೂ ಕಾಲಮ್‌ಗಳೇ. ಒಂದು ಕಡೆ ಗುಣಿಸಬೇಕಾದ ಸಂಖ್ಯೆ, ಪಕ್ಕದಲ್ಲಿ ಕೂಡಿಸಬೇಕಾದ ಸಂಖ್ಯೆ.

1615ರಲ್ಲಿ ಲಂಡನ್‌ನಿಂದ ಹೆನ್ರಿ ಬ್ರಿಗ್ಸ್ ಅನ್ನೋ ಪ್ರೊಫೆಸರ್ ಅಷ್ಟು ದೂರ ಪ್ರಯಾಣ ಮಾಡಿ ಅವನನ್ನು ನೋಡಲು ಬಂದ. ಇಬ್ಬರೂ ಕಾಲು ಗಂಟೆ ಮಾತೇ ಆಡದೆ ಒಬ್ಬರನ್ನೊಬ್ಬರು ನೋಡುತ್ತಾ ನಿಂತಿದ್ದರಂತೆ. 1ರ ಲಾಗ್ ಸೊನ್ನೆ ಇರಲಿ, 10ನ್ನು ಆಧಾರ ಮಾಡೋಣ ಅಂತ ಇಬ್ಬರೂ ಒಪ್ಪಿಕೊಂಡರು. ನಾವು ಇವತ್ತು ಬಳಸೋ ಲಾಗ್ ಟೇಬಲ್ ಅಲ್ಲಿಂದ ಬಂದಿದ್ದು. ಅದನ್ನು ಮಾಡಲು ನೇಪಿಯರ್‌ಗೆ ಶಕ್ತಿ ಉಳಿದಿರಲಿಲ್ಲ, ಬ್ರಿಗ್ಸ್ ಮಾಡಿದ. 1617ರಲ್ಲಿ ಗುಣಾಕಾರದ ಕಡ್ಡಿಗಳ ಪುಸ್ತಕ ಬಂತು, ಅದೇ ವರ್ಷ ಏಪ್ರಿಲ್ 4ರಂದು ನೇಪಿಯರ್ ತೀರಿಹೋದ. ಟೇಬಲ್ ಹೇಗೆ ತಯಾರಿಸಿದ ಅನ್ನೋ ವಿವರವನ್ನು ಮಗ ರಾಬರ್ಟ್ 1619ರಲ್ಲಿ ಅಚ್ಚು ಹಾಕಿಸಿದ.

ಆ ವಿವರ ಬಂದ ಮೇಲೆ ಜನ ಅದನ್ನು ತಾಳೆ ನೋಡಿದರು. ಒಂದು ಉಪ ಟೇಬಲ್‌ನಲ್ಲಿ ನೇಪಿಯರ್ ಲೆಕ್ಕ ತಪ್ಪಿದ್ದಾನೆ. ಅದರಿಂದ ಮುಂದಿನ ಬೆಲೆಗಳ ಕೊನೆಯ ಅಂಕಿಗಳು ಸ್ವಲ್ಪ ಏರುಪೇರು. ಆದರೂ ಕೆಪ್ಲರ್ 1627ರ ತನ್ನ ಗ್ರಹಗಳ ಕೋಷ್ಟಕಕ್ಕೆ ಲಾಗರಿದಮ್ ಬಳಸಿದ, ಸ್ಲೈಡ್ ರೂಲ್ ಅದರಿಂದಲೇ ಹುಟ್ಟಿತು, ನಮ್ಮ ಹಿಂದಿನ ತಲೆಮಾರಿನ ಇಂಜಿನಿಯರ್‌ಗಳು ಅದನ್ನು ಹಿಡಿದೇ ಸೇತುವೆ ಕಟ್ಟಿದರು. ಪ್ರಕಟನೆಯ ಲೆಕ್ಕ ಮಾತ್ರ ಉಲ್ಟಾ. 71ಕ್ಕೆ 245 ಸೇರಿಸ್ತಾ ಹೋಗಿ, ಒಂದು ಕಡೆಯೂ ತಪ್ಪಿಲ್ಲ. ಲಟೈನೋಸ್ ಕೂಡ ಸರಿಯಾಗಿ 666. ತೊಂದರೆ ಏನಂದ್ರೆ ಹೀಬ್ರೂ ಅಕ್ಷರಗಳಲ್ಲಿ ಬರೆದ ನೀರೋ ಕೈಸರ್ ಕೂಡ 666. ಕೊನೆಯ ಒಂದಕ್ಷರ ಬಿಟ್ಟರೆ 616, ಕೆಲವು ಹಳೇ ಹಸ್ತಪ್ರತಿಗಳಲ್ಲಿ ನಿಜವಾಗಿಯೂ 616 ಅಂತಲೇ ಇದೆ. ಕ್ರೈಸ್ತರನ್ನು ಹಿಂಸಿಸಿದ ರೋಮಿನ ಚಕ್ರವರ್ತಿಯನ್ನೇ ಉದ್ದೇಶಿಸಿ ಬರೆದದ್ದು ಅಂತ ಇವತ್ತಿನ ಬಹಳಷ್ಟು ವಿದ್ವಾಂಸರು ಹೇಳ್ತಾರೆ. ನನಗೂ ಅದೇ ಸರಿ ಅನ್ಸುತ್ತೆ.

1688 ಬಂತು. ಪ್ರಪಂಚ ಮುಗಿಯಲಿಲ್ಲ. ಆದರೆ ನೇಪಿಯರ್ ಪುಸ್ತಕ ಅರ್ಪಿಸಿದ್ದ ರಾಜನ ಮೊಮ್ಮಗ, ಕ್ಯಾಥೊಲಿಕ್ ಆಗಿದ್ದವನು, ಸರಿಯಾಗಿ ಅದೇ ವರ್ಷ ಸಿಂಹಾಸನ ಬಿಟ್ಟು ಓಡಿಹೋದ. ನೇಪಿಯರ್ ಬದುಕಿದ್ದಿದ್ದರೆ ಅದನ್ನೂ ಮೂರನೇ ಕಾಲಮ್‌ನಲ್ಲಿ ಬರೆದುಕೊಳ್ಳುತ್ತಿದ್ದ ಅಂತ ನನಗೆ ಗ್ಯಾರಂಟಿ. 1700 ಕೂಡ ಸುಮ್ಮನೆ ಬಂದು ಹೋಯಿತು.

ಅವನು ಹುಟ್ಟಿದ ಮರ್ಚಿಸ್ಟನ್ ಕೋಟೆಮನೆ ಇನ್ನೂ ಇದೆ. ಅದರ ಸುತ್ತ 1964ರಲ್ಲಿ ಒಂದು ತಾಂತ್ರಿಕ ಕಾಲೇಜು ಶುರುವಾಯಿತು, ಈಗ ಅದು ಎಡಿನ್‌ಬರೋ ನೇಪಿಯರ್ ವಿಶ್ವವಿದ್ಯಾಲಯ. ಕ್ಯಾಂಪಸ್ಸಿನ ಮಧ್ಯದಲ್ಲಿ ಆ ಕಲ್ಲಿನ ಗೋಪುರ ಹಾಗೇ ನಿಂತಿದೆ, ನಮ್ಮಂಥ ಹುಡುಗ ಹುಡುಗಿಯರು ಅದರ ಪಕ್ಕದಲ್ಲೇ ಕ್ಲಾಸಿಗೆ ಹೋಗ್ತಾರೆ.