ಟ್ರೈಲೋಬೈಟನ್ನು ಕಚ್ಚಿದ್ದು ಯಾರು? ಡಿಗ್ರಿಯಿಲ್ಲದ ವಿಜ್ಞಾನಿ ವಾಲ್ಕಾಟ್ ಕಥೆ

ಸೀಗಡಿಯಂಥ ದೊಡ್ಡ ಪ್ರಾಣಿಯೊಂದು ಗಟ್ಟಿ ಚಿಪ್ಪಿನ ಟ್ರೈಲೋಬೈಟನ್ನು ಹಿಡಿದು ಪುಡಿ ಮಾಡುವ ಅನಿಮೇಷನ್ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಆ ಬೇಟೆಗಾರನ ಹೆಸರು ಅನೊಮಲೊಕ್ಯಾರಿಸ್. ವಿಡಿಯೊದಲ್ಲಿ ಇರುವುದು ನಿಜವೇ? ಉತ್ತರ ಬೇಕಾದರೆ ಚಾರ್ಲ್ಸ್ ವಾಲ್ಕಾಟ್ ಅವರ ಬದುಕನ್ನು ತಿಳಿಯಬೇಕು.

ಟ್ರೈಲೋಬೈಟ್ ಎಂದರೆ ಏಡಿ, ಚೇಳುಗಳ ದೂರದ ನೆಂಟ. ಸುಮಾರು 52 ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ಕಾಣಿಸಿಕೊಂಡು, 25 ಕೋಟಿ ವರ್ಷಗಳ ಹಿಂದೆ ಅಳಿದುಹೋಯಿತು. ಆಲ್ದೂರಿನ ಕಾಫಿ ತೋಟಗಳಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಲ್ಲಿನ ಬಂಡೆ 250 ಕೋಟಿ ವರ್ಷಕ್ಕೂ ಹಳೆಯದು, ಆಗ ಟ್ರೈಲೋಬೈಟ್ ಹುಟ್ಟಿರಲೇ ಇಲ್ಲ.

ವಾಲ್ಕಾಟ್ ಹುಟ್ಟಿದ್ದು 1850ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ಎರಡು ವರ್ಷದವರಿದ್ದಾಗ ತಂದೆ ತೀರಿಕೊಂಡರು. 18ರ ಹೊತ್ತಿಗೆ ಓದು ನಿಂತಿತು. ಹೊಲದಲ್ಲಿ ದುಡಿಯುತ್ತಲೇ ಟ್ರೈಲೋಬೈಟ್ ಪಳೆಯುಳಿಕೆ ಕೂಡಿಟ್ಟರು. 1873ರಲ್ಲಿ ಆ ಸಂಗ್ರಹವನ್ನು ಹಾರ್ವರ್ಡ್ ಕೊಂಡುಕೊಂಡಿತು. ಕಲ್ಲನ್ನು ತೆಳುವಾಗಿ ಕೊಯ್ದು, ಟ್ರೈಲೋಬೈಟ್‌ಗೆ ಕಾಲುಗಳಿದ್ದವು ಎಂದು ತೋರಿಸಿಕೊಟ್ಟವರು ಇವರೇ. ಡಿಗ್ರಿ ಇಲ್ಲದ ಈ ಮನುಷ್ಯ 1894ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ನಿರ್ದೇಶಕರಾದರು, 1907ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾದರು.

1909ರಲ್ಲಿ ಕೆನಡಾದ ಬೆಟ್ಟಗಳಲ್ಲಿ ಬರ್ಜೆಸ್ ಶೇಲ್ ಎಂಬ ಪಳೆಯುಳಿಕೆಗಳ ಖಜಾನೆ ಅವರ ಕಣ್ಣಿಗೆ ಬಿತ್ತು. ಅಲ್ಲಿಂದ 65,000ಕ್ಕೂ ಹೆಚ್ಚು ಮಾದರಿ ತಂದರು. 1911ರಲ್ಲಿ ಪತ್ನಿ ರೈಲು ಅಪಘಾತದಲ್ಲಿ ತೀರಿಕೊಂಡರು. 1917ರಲ್ಲಿ ಒಬ್ಬ ಮಗ ಯುದ್ಧದಲ್ಲಿ ಸತ್ತ. ಆಡಳಿತದ ಕೆಲಸದ ನಡುವೆ ಪಳೆಯುಳಿಕೆಗಳ ಕೂಲಂಕಷ ಅಧ್ಯಯನಕ್ಕೆ ಬಿಡುವೇ ಸಿಗಲಿಲ್ಲ. 1927ರಲ್ಲಿ ವಾಲ್ಕಾಟ್ ನಿಧನರಾದರು.

ಅವರು ಜೆಲ್ಲಿ ಮೀನು ಎಂದು ಹೆಸರಿಟ್ಟಿದ್ದ ಒಂದು ಪಳೆಯುಳಿಕೆ ನಿಜವಾಗಿ ಬೇಟೆಗಾರ ಪ್ರಾಣಿಯೊಂದರ ದುಂಡನೆಯ ಬಾಯಿ! ಅದು ಅನೊಮಲೊಕ್ಯಾರಿಸ್ ಗುಂಪಿನ ಪ್ರಾಣಿ ಎಂದು ವಿಜ್ಞಾನಿಗಳಿಗೆ ಗೊತ್ತಾದದ್ದು 1985ರಲ್ಲಿ.

ಅಷ್ಟರಲ್ಲಿ ಇನ್ನೊಂದು ಸುಳಿವು ಸಿಕ್ಕಿತ್ತು. ಅದೇ ಬೆಟ್ಟಗಳ ಕೆಲವು ಟ್ರೈಲೋಬೈಟ್‌ಗಳ ಅಂಚಿನಲ್ಲಿ ಕಚ್ಚಿದಂಥ ಗಾಯಗಳಿದ್ದವು. ಸತ್ತ ಮೇಲೆ ಚಿಪ್ಪು ಮುರಿದರೆ ಅಂಚು ಚೂಪಾಗಿಯೇ ಉಳಿಯುತ್ತದೆ. ಇವುಗಳ ಅಂಚು ಮಾತ್ರ ನುಣುಪಾಗಿ ಕೂಡಿಕೊಂಡಿತ್ತು. ಗದ್ದೆಯ ಏಡಿ ಚಿಪ್ಪು ಕಳಚಿ ಹೊಸದು ಬೆಳೆಸಿಕೊಳ್ಳುವ ಹಾಗೆ ಟ್ರೈಲೋಬೈಟ್ ಕೂಡ ಗಾಯ ಮಾಯಿಸಿಕೊಳ್ಳುತ್ತಿತ್ತು. ಅಂದರೆ ದಾಳಿಗೆ ಸಿಕ್ಕೂ ಅದು ಬದುಕಿ ಉಳಿದಿತ್ತು.

ಕಚ್ಚಿದ್ದು ಅನೊಮಲೊಕ್ಯಾರಿಸ್ ಎಂದೇ ಬಹುಕಾಲ ನಂಬಲಾಗಿತ್ತು. ಆದರೆ 2023ರಲ್ಲಿ ಪ್ರಕಟವಾದ ಕಂಪ್ಯೂಟರ್ ಮಾದರಿಯ ಅಧ್ಯಯನ ಬೇರೆಯದೇ ಹೇಳಿತು: ಗಟ್ಟಿ ಚಿಪ್ಪನ್ನು ಹಿಡಿದು ಮುರಿಯುವಷ್ಟು ಬಲ ಅದರ ಮುಂಗೈಗಳಿಗೆ ಇರಲಿಲ್ಲ, ಅದು ಮೆತ್ತನೆಯ ಪ್ರಾಣಿಗಳನ್ನು ತಿನ್ನುತ್ತಿದ್ದಿರಬೇಕು. ಈಗ ಅನುಮಾನ ದೊಡ್ಡ ಟ್ರೈಲೋಬೈಟ್‌ಗಳ ಮೇಲೂ ಇದೆ.

ವಾಸ್ತವ ಇಷ್ಟು: ದಾಳಿ ನಡೆದದ್ದು ನಿಜ, ಗಾಯ ಮಾಯ್ದದ್ದೂ ನಿಜ. ದಾಳಿ ಮಾಡಿದ್ದು ಅನೊಮಲೊಕ್ಯಾರಿಸ್ ಎಂಬುದು ಮಾತ್ರ ಸಾಬೀತಾಗಿಲ್ಲ. ಆ ವಿಡಿಯೊ ಮುಂದೆ ಕಳಿಸುವುದಾದರೆ ಈ ಮಾತನ್ನೂ ಜೊತೆಗೆ ಕಳಿಸಿ.