ದಲಿತೋದ್ಧಾರಕ ಕುದ್ಮುಲ್ ರಂಗರಾವ್ (1859–1928)

ದುರ್ಬಲ ವರ್ಗಗಳ, ವಿಶೇಷವಾಗಿ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಶೈಕ್ಷಣಿಕ ಹಾಗೂ ಆರ್ಥಿಕ ಹಿತವನ್ನು ಕಾಪಾಡುವುದು ಸರ್ಕಾರದ ಕರ್ತವ್ಯವೆಂದು ಭಾರತ ಸಂವಿಧಾನದ 46ನೇ ವಿಧಿಯು ವಿಧಿಸುತ್ತದೆ. ಸಂವಿಧಾನವು 1950ರಲ್ಲಿ ಜಾರಿಗೆ ಬಂದಿತು. ವಿದ್ಯಾರ್ಥಿವೇತನ, ವಸತಿನಿಲಯ, ವೃತ್ತಿ ತರಬೇತಿ, ಮನೆ ನಿವೇಶನ ಮುಂತಾದ ಸೌಲಭ್ಯಗಳಿಗಾಗಿ ಇಲಾಖೆಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರಲ್ಲಿ ಅನೇಕರಿಗೆ, ಅದಕ್ಕೂ ಅರ್ಧ ಶತಮಾನಕ್ಕಿಂತ ಹಿಂದೆಯೇ ಕರಾವಳಿಯ ಮಂಗಳೂರಿನಲ್ಲಿ ಸಾಮಾನ್ಯ ವಕೀಲರೊಬ್ಬರು ತಮ್ಮ ಸ್ವಂತ ದುಡಿಮೆಯಿಂದ ಇವುಗಳಲ್ಲಿ ಹೆಚ್ಚಿನವನ್ನು ಆರಂಭಿಸಿದ್ದರೆಂಬ ಸಂಗತಿ ತಿಳಿದಿರಲಾರದು. ಅವರೇ ಕುದ್ಮುಲ್ ರಂಗರಾವ್.

ರಂಗರಾಯರು 1859ನೇ ಜೂನ್ 29ರಂದು ಕಾಸರಗೋಡಿನಲ್ಲಿ ಬಡ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಈಗ ಕೇರಳ ರಾಜ್ಯಕ್ಕೆ ಸೇರಿರುವ ಕಾಸರಗೋಡು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದಿತು. ಜಿಲ್ಲೆಯು ಮದರಾಸು ಪ್ರಾಂತದ ಆಡಳಿತದಲ್ಲಿದ್ದಿತು. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಉದ್ಯೋಗವನ್ನರಸಿ ಮಂಗಳೂರಿಗೆ ಬಂದು ಶಾಲಾ ಉಪಾಧ್ಯಾಯರಾದರು. ಅಲ್ಪ ಸಂಬಳದಲ್ಲಿ ಸಂಸಾರವನ್ನು ಸಾಗಿಸುತ್ತಲೇ ಖಾಸಗಿಯಾಗಿ ಓದಿ ಮೆಟ್ರಿಕ್ಯುಲೇಷನ್ ಮುಗಿಸಿದರು, ನಂತರ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಮಂಗಳೂರಿನ ನ್ಯಾಯಾಲಯದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಬಡವರ ವಕೀಲರೆಂದು ಅವರು ಹೆಸರು ಪಡೆದರು.

ಆ ಕಾಲದ ಮಂಗಳೂರು ಹೊಸ ವಿಚಾರಗಳಿಗೆ ತೆರೆದುಕೊಂಡಿದ್ದ ಪಟ್ಟಣ. 1834ರಲ್ಲಿ ಬಂದ ಬಾಸೆಲ್ ಮಿಷನ್ ಶಾಲೆ, ಮುದ್ರಣಾಲಯ, ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿತ್ತು. 1870ರಲ್ಲಿ ಬ್ರಹ್ಮಸಮಾಜವು ಇಲ್ಲಿ ನೆಲೆಗೊಂಡಿತು. ಉಳ್ಳಾಲ ರಘುನಾಥಯ್ಯನವರ ಪ್ರಭಾವದಿಂದ ರಂಗರಾಯರು ಬ್ರಹ್ಮಸಮಾಜವನ್ನು ಸೇರಿದರು. ಮೂರ್ತಿಪೂಜೆ ಹಾಗೂ ಜಾತಿಭೇದವನ್ನು ಸಮಾಜವು ಒಪ್ಪುತ್ತಿರಲಿಲ್ಲ. ಆದರೆ ಸಭೆಯಲ್ಲಿ ಜಾತಿಭೇದವನ್ನು ಖಂಡಿಸುವುದು ಬೇರೆ, ಕೇರಿಗೆ ಹೋಗಿ ಮಕ್ಕಳನ್ನು ಕೈಹಿಡಿದು ಶಾಲೆಗೆ ಕರೆತರುವುದು ಬೇರೆ. ಎರಡನೆಯದಕ್ಕೆ ಮುಂದಾದವರು ಬಹಳ ವಿರಳ.

ಆಗಿನ ದಲಿತರ ಸ್ಥಿತಿಯನ್ನು ಇಲ್ಲಿ ಹೇಳದೆ ಅವರ ಕಾರ್ಯದ ತೂಕ ತಿಳಿಯುವುದಿಲ್ಲ. ಸಾರ್ವಜನಿಕ ಬಾವಿ, ದೇವಸ್ಥಾನ, ಶಾಲೆ ಇವುಗಳ ಬಾಗಿಲು ಅವರಿಗೆ ಮುಚ್ಚಿದ್ದಿತು. ಭೂಮಿಯಿರಲಿಲ್ಲ, ಒಡೆಯನ ಗದ್ದೆಯಲ್ಲಿ ದುಡಿಯುವುದೇ ಜೀವನ. ಕೊರಗ ಜನರ ಪಾಡಂತೂ ಇನ್ನೂ ಕಠೋರವಾಗಿದ್ದಿತು. ಅಜಲು ಎಂಬ ಪದ್ಧತಿಯ ಹೆಸರಿನಲ್ಲಿ ಅವರ ಮೇಲೆ ನಡೆಯುತ್ತಿದ್ದ ಅಮಾನುಷ ಆಚರಣೆಗಳು ಎಷ್ಟು ಆಳವಾಗಿ ಬೇರೂರಿದ್ದವೆಂದರೆ, ಅವುಗಳನ್ನು ನಿಷೇಧಿಸಲು ಕರ್ನಾಟಕ ಸರ್ಕಾರವು 2000ದಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ತರಬೇಕಾಯಿತು.

ರಂಗರಾಯರನ್ನು ಈ ಕಾರ್ಯಕ್ಕೆ ಪ್ರೇರೇಪಿಸಿದ ಘಟನೆಯೊಂದು ಅವರ ಜೀವನ ವೃತ್ತಾಂತಗಳಲ್ಲಿ ಉಲ್ಲೇಖಗೊಂಡಿದೆ. ಬೆಂದ ಬಾಬು ಎಂಬ ದಲಿತ ಯುವಕನು ನಾಲ್ಕನೆಯ ತರಗತಿಯವರೆಗೆ ಓದಿದ್ದನು. ಆ ಸಮುದಾಯದಲ್ಲಿ ಅಷ್ಟು ಓದಿದವರು ಆಗ ಇಲ್ಲವೆಂದರೂ ಸಲ್ಲುತ್ತದೆ. ಅವನಿಗೆ ಮಂಗಳೂರಿನ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆಯಿತು. ಅಸ್ಪೃಶ್ಯನೊಬ್ಬನು ನ್ಯಾಯಾಲಯದೊಳಗೆ ಓಡಾಡುವುದನ್ನು ಮೇಲ್ಜಾತಿಯವರು ಸಹಿಸಲಿಲ್ಲ. ಬಲವಾದ ವಿರೋಧ ಎದ್ದಿತು. ನ್ಯಾಯವನ್ನು ಹೇಳುವ ಕಟ್ಟಡದಲ್ಲಿಯೇ ನಡೆದ ಈ ಅನ್ಯಾಯವು ಅಲ್ಲಿಯೇ ವಕೀಲರಾಗಿದ್ದ ರಂಗರಾಯರ ಮನಸ್ಸನ್ನು ಕಲಕಿತು.

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ಬಾಡಿಗೆ ಮನೆಯೊಂದನ್ನು ಹಿಡಿದು ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಮದರಾಸು ಸರ್ಕಾರವು ಪಂಚಮರ ಶಿಕ್ಷಣಕ್ಕೆ ವಿಶೇಷ ನೆರವು ನೀಡುವ ಪ್ರಸಿದ್ಧ ಆಜ್ಞೆಯನ್ನು ಹೊರಡಿಸಿದ್ದು 1893ರ ಫೆಬ್ರವರಿಯಲ್ಲಿ. ಎಂದರೆ, ಸರ್ಕಾರದ ಆಜ್ಞೆಗಿಂತ ಮೊದಲೇ ಮಂಗಳೂರಿನ ಶಾಲೆ ಆರಂಭವಾಗಿತ್ತು.

ಶಾಲೆಯನ್ನು ತೆರೆಯುವುದಕ್ಕಿಂತ ನಡೆಸುವುದು ಕಷ್ಟವಾಯಿತು. ಸುತ್ತಲಿನವರ ವಿರೋಧದಿಂದಾಗಿ ಸ್ಥಳವನ್ನು ಬದಲಾಯಿಸಬೇಕಾಯಿತು. ಮೇಲ್ಜಾತಿಯ ಉಪಾಧ್ಯಾಯರು ಕಲಿಸಲು ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡು ಪಾಠವನ್ನು ಮುಂದುವರಿಸಿದರು. ಮಕ್ಕಳನ್ನು ಕಳುಹಿಸಲು ತಂದೆತಾಯಿಗಳೂ ಹಿಂಜರಿದರು. ಅವರ ಹಿಂಜರಿಕೆಗೆ ಕಾರಣ ಅಜ್ಞಾನ ಮಾತ್ರವೆಂದು ತಿಳಿಯಬಾರದು. ಒಡೆಯನ ದನ ಮೇಯಿಸುವ, ಗದ್ದೆಯಲ್ಲಿ ನೆರವಾಗುವ ಮಗು ಶಾಲೆಗೆ ಹೋದರೆ ಆ ದಿನದ ಗಂಜಿಗೆ ಕೊರತೆಯಾಗುತ್ತಿತ್ತು, ಜೊತೆಗೆ ಒಡೆಯನ ಸಿಟ್ಟು ಬೇರೆ. ಇದನ್ನು ಅರಿತ ರಂಗರಾಯರು ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆಯಂತೆ ಕೊಡುವ ಏರ್ಪಾಡು ಮಾಡಿದರು. ಮಧ್ಯಾಹ್ನದ ಊಟವನ್ನೂ ಶಾಲೆಯಲ್ಲಿಯೇ ಹಾಕಿಸಿದರು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾದದ್ದು 2002ರಲ್ಲಿ ಎಂಬುದನ್ನು ನೆನೆದರೆ ಅವರ ದೂರದೃಷ್ಟಿ ಎಷ್ಟೆಂಬುದು ವೇದ್ಯವಾಗುತ್ತದೆ.

1897ರಲ್ಲಿ ಅವರು ತಮ್ಮ ಎಲ್ಲ ಕಾರ್ಯಗಳನ್ನು ಒಂದು ಸಂಸ್ಥೆಯ ರೂಪಕ್ಕೆ ತಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನು ಸ್ಥಾಪಿಸಿದರು. ಇದೇ ಹೆಸರಿನ ಸಂಸ್ಥೆಯನ್ನು ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ. ಮಂಗಳೂರಿನ ಶೇಡಿಗುಡ್ಡೆ ಮಿಷನ್ನಿನ ಕೇಂದ್ರವಾಯಿತು. ಅತ್ತಾವರ, ಬೋಳೂರು, ಮುಲ್ಕಿ, ಉಡುಪಿ ಮುಂತಾದೆಡೆಗಳಲ್ಲಿಯೂ ಶಾಲೆಗಳು ತೆರೆದವು. ಅಕ್ಷರ ಕಲಿತ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲವೆಂಬುದು ಬೆಂದ ಬಾಬುವಿನ ಪ್ರಸಂಗದಿಂದ ರಂಗರಾಯರಿಗೆ ಮನವರಿಕೆಯಾಗಿದ್ದಿತು. ಆದುದರಿಂದ ಶೇಡಿಗುಡ್ಡೆಯಲ್ಲಿ ಮರಗೆಲಸ ಮತ್ತು ನೇಯ್ಗೆಯ ತರಬೇತಿಯನ್ನು ಪಾಠದೊಂದಿಗೆ ಸೇರಿಸಿದರು. ದೂರದ ಹಳ್ಳಿಗಳಿಂದ ಬಂದವರಿಗೆ ವಸತಿ ಕಲ್ಪಿಸಿದರು. ನೆಲೆಯಿಲ್ಲದ ಕುಟುಂಬಗಳಿಗೆ ಭೂಮಿಯನ್ನು ದೊರಕಿಸಿ ಮನೆ ಕಟ್ಟಿಕೊಳ್ಳಲು ನೆರವಾದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ ದೊರೆಯಬೇಕೆಂದು ಸರ್ಕಾರವನ್ನು ಒತ್ತಾಯಿಸಿದವರಲ್ಲಿಯೂ ಅವರು ಮೊದಲಿಗರು. ದಲಿತರಿಗೆ ಪ್ರತ್ಯೇಕ ಶಾಲೆ ಸರಿಯೇ ಎಂದು ಇಂದಿನ ಓದುಗರಿಗೆ ಅನಿಸಬಹುದು. ಸಾಮಾನ್ಯ ಶಾಲೆಯ ಹೊಸ್ತಿಲನ್ನೇ ದಾಟಲಾಗದ ಕಾಲದಲ್ಲಿ ಬೇರೆ ದಾರಿಯಿರಲಿಲ್ಲವೆಂಬುದನ್ನು ಗಮನಿಸಬೇಕು.

ಇದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಬಂಧುಗಳ ಮನೆಯ ಶುಭಾಶುಭಗಳಿಗೆ ಪ್ರವೇಶವಿಲ್ಲದಾಯಿತು. ಅವರ ಪತ್ನಿ ರುಕ್ಮಿಣಿಯವರು ಹಾಗೂ ಮಕ್ಕಳು ಈ ಕಷ್ಟದಲ್ಲಿ ಪಾಲುದಾರರಾದರು. ಸಮಾಜ ಸುಧಾರಕರ ಚರಿತ್ರೆಗಳಲ್ಲಿ ಮನೆಯವರ ಹೆಸರು ಒಂದು ಸಾಲಿಗೆ ಮುಗಿದುಹೋಗುತ್ತದೆ. ಆದರೆ ಬಹಿಷ್ಕಾರದ ಬಿಸಿ ದಿನದಿನವೂ ತಟ್ಟುವುದು ಒಲೆಯ ಮುಂದಿರುವವರಿಗೆ.

ಅವರ ಮಗಳು ರಾಧಾಬಾಯಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. ಸೇಲಂ ಜಿಲ್ಲೆಯ ಕುಮಾರಮಂಗಲದ ಜಮೀನ್ದಾರರಾದ ಡಾ. ಪಿ. ಸುಬ್ಬರಾಯನ್ ಅವರೊಡನೆ ಅವರ ಅಂತರ್ಜಾತೀಯ ವಿವಾಹ 1912ರಲ್ಲಿ ನೆರವೇರಿತು. ಸುಬ್ಬರಾಯನ್ ಅವರು 1926ರಿಂದ 1930ರವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಗಳಾಗಿದ್ದರು. ಅವರ ಅಧಿಕಾರಾವಧಿಯಲ್ಲಿಯೇ ಸರ್ಕಾರಿ ನೇಮಕಾತಿಗಳಲ್ಲಿ ಸಮುದಾಯವಾರು ಆಜ್ಞೆ ಜಾರಿಗೆ ಬಂದು, ಪ್ರತಿ 12 ಹುದ್ದೆಗಳಲ್ಲಿ 1 ಹುದ್ದೆಯು ದಲಿತರಿಗೆ ಮೀಸಲಾಯಿತು. ರಾಧಾಬಾಯಿಯವರು 1930ರ ಪ್ರಥಮ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ಭೂಸೇನೆಯ ಮುಖ್ಯಸ್ಥರಾದ ಜನರಲ್ ಪಿ.ಪಿ. ಕುಮಾರಮಂಗಲಂ, ಕೇಂದ್ರ ಸಚಿವರಾದ ಮೋಹನ್ ಕುಮಾರಮಂಗಲಂ, ಲೋಕಸಭಾ ಸದಸ್ಯೆ ಪಾರ್ವತಿ ಕೃಷ್ಣನ್ ಇವರೆಲ್ಲ ರಂಗರಾಯರ ಮೊಮ್ಮಕ್ಕಳು.

ಬ್ರಿಟಿಷ್ ಸರ್ಕಾರವು ರಂಗರಾಯರಿಗೆ ರಾವ್ ಸಾಹೇಬ್ ಬಿರುದನ್ನು ನೀಡಿತು. ವೃದ್ಧಾಪ್ಯದಲ್ಲಿ ದೇಹಸ್ಥಿತಿ ಕುಂದತೊಡಗಿದಾಗ ತಮ್ಮ ನಂತರ ಶಾಲೆಗಳು ಅನಾಥವಾಗಬಾರದೆಂದು, ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಮಿಷನ್ನಿನ ಹೊಣೆಯನ್ನು ವಹಿಸಿಕೊಟ್ಟರು. 1927ರಲ್ಲಿ ಆರ್ಯಸಮಾಜದ ವಿಧಿಯಂತೆ ಸನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆಂಬ ನಾಮಧೇಯವನ್ನು ಪಡೆದರು. 1928ನೇ ಜನವರಿ 30ರಂದು ಅವರು ನಿಧನ ಹೊಂದಿದರು.

ತಮ್ಮ ಕೊನೆಯ ಯಾತ್ರೆಯ ಬಗ್ಗೆಯೂ ಅವರು ಇಚ್ಛೆಯನ್ನು ತಿಳಿಸಿದ್ದರು. ಅದರಂತೆ, ಸಮಾಜದಲ್ಲಿ ಎಲ್ಲರಿಗಿಂತ ಕೆಳಗಿನವರೆಂದು ಎಣಿಸಲ್ಪಟ್ಟಿದ್ದ ತೋಟಿ ಕೆಲಸದವರೇ ಅವರ ಶವವನ್ನು ಹೊತ್ತು ನಡೆದರು. ಮುಟ್ಟಿದರೆ ಮೈಲಿಗೆಯೆನ್ನುತ್ತಿದ್ದ ಕೈಗಳಿಂದ ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರೊಬ್ಬರ ಅಂತ್ಯಸಂಸ್ಕಾರ ನಡೆದದ್ದನ್ನು ಅಂದಿನ ಮಂಗಳೂರು ಕಂಡಿತು.

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರನ್ನಿಡಲಾಗಿದೆ. ಅವರ ಸಮಾಧಿಯು ಅತ್ತಾವರದ ಬಾಬುಗುಡ್ಡೆಯಲ್ಲಿ ಬ್ರಹ್ಮಸಮಾಜದ ಸ್ಥಳದಲ್ಲಿದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಮುಂದೆ ದೊಡ್ಡ ಸರ್ಕಾರಿ ಹುದ್ದೆಗೇರಿ ತನ್ನೂರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಯನ್ನು ಸೋಕಬೇಕು ಎಂಬುದು ಅವರ ಬಯಕೆಯಾಗಿದ್ದಿತು.